ಒಂಬತ್ತು ಲೀಟರಿನ ಮೌನಿ: ಒಂದು ಪುಟ್ಟ ಗೇಮಿಂಗ್ ಕಂಪ್ಯೂಟರಿನ ಕಾಲ್ಪನಿಕ ಸಂದರ್ಶನ

ಕಾಫಿ ಸೀಮೆಯ ಯಂತ್ರಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಿಂದ ಆರಂಭಿಸಿ, ಡೀಸೆಲ್ ಪಂಪ್‌ಸೆಟ್ಟನ್ನು ಹಾದು, ಸ್ಪ್ರಿಂಕ್ಲರ್ ಮತ್ತು ಕಳೆ ಹೊಡೆಯುವ ಯಂತ್ರದವರೆಗೆ ಬಂದು ನಿಲ್ಲುತ್ತಾರೆ. ಇವೆಲ್ಲವೂ ತಮ್ಮ ಇರವನ್ನು ಪಕ್ಕದ ತೋಟದವರಿಗೂ ಸದ್ದಿನಿಂದಲೇ ಸಾರುವ ಜಾತಿಯವು. 2020ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳು ಮನೆಯಿಂದಲೇ ಕೆಲಸ ಮಾಡಲು ಬಿಟ್ಟಾಗ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟದ ಮನೆಗಳಿಗೆ ಮರಳಿದ ಮಕ್ಕಳ ಸಾಮಾನಿನೊಡನೆ ಬಂದಿಳಿದ ಇನ್ನೊಂದು ಯಂತ್ರವರ್ಗವುಂಟು. ಸದ್ದು ಮಾಡದಿರುವುದನ್ನೇ ತನ್ನ ಕುಲಗೌರವವೆಂದು ಭಾವಿಸುವ ಈ ವರ್ಗ ಇದುವರೆಗೆ ಯಾವ ಸಂಶೋಧಕನ ಗಮನವನ್ನೂ ಸೆಳೆದಿಲ್ಲ. ಆ ಕೊರತೆಯನ್ನು ನೀಗಲು, ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯ ಆಸುಪಾಸಿನ ಒಂದು ಹೆಂಚಿನ ಮನೆಯಲ್ಲಿ ಮೇಜಿನ ಮೂಲೆ ಹಿಡಿದು ಕುಳಿತಿರುವ ಪೆಟ್ಟಿಗೆಯೊಂದನ್ನು ಸಂದರ್ಶಿಸಲಾಯಿತು. ಪೆಟ್ಟಿಗೆ ತನ್ನನ್ನು ಕುರಿತು ಪ್ರಥಮಪುರುಷದಲ್ಲಿಯೇ ಮಾತನಾಡಿತು. ಉತ್ತಮಪುರುಷ ಸರ್ವನಾಮಕ್ಕೆ ಒಳಗೆ ಜಾಗ ಉಳಿದಿಲ್ಲವೆಂಬುದು ಅದರ ಸಮಜಾಯಿಷಿ.

ಪ್ರಶ್ನೆ: ಪೆಟ್ಟಿಗೆಯ ಗಾತ್ರವನ್ನು ಲೀಟರಿನಲ್ಲಿ ಹೇಳುವ ವಾಡಿಕೆಯುಂಟಂತೆ. ಒಟ್ಟು ಎಷ್ಟು, ಅದರೊಳಗೆ ಏನೇನಿದೆ?

ಪೆಟ್ಟಿಗೆ: ಒಂಬತ್ತು ಲೀಟರ್. ಸಾಮಾನ್ಯ ಗೋಪುರಾಕಾರದ ಕಂಪ್ಯೂಟರು ನಲವತ್ತು ಲೀಟರನ್ನು ಸಲೀಸಾಗಿ ದಾಟುತ್ತದೆ. ಇದರ ತಳಹದಿ ಮಿನಿ-ಐಟಿಎಕ್ಸ್ ಎಂಬ ಮದರ್‌ಬೋರ್ಡ್, ಅಂದರೆ ಉಳಿದೆಲ್ಲ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಮೂಲಫಲಕ. ತೈವಾನಿನ ವಿಯಾ ಕಂಪನಿ 2001ರಲ್ಲಿ ರೂಪಿಸಿದ ಈ ಅಳತೆ ಉದ್ದಕ್ಕೂ ಅಗಲಕ್ಕೂ 170 ಮಿಲಿಮೀಟರ್ ಮಾತ್ರ. ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಫಲಕದ ಮೇಲೆ ನೆಟ್ಟಗೆ ನಿಲ್ಲಿಸಲು ಎಡೆಯಿಲ್ಲದ ಕಾರಣ, ರೈಸರ್ ಎಂಬ ಪಟ್ಟಿಯಂಥ ತಂತಿಯಿಂದ ಅದನ್ನು ಫಲಕದ ಬೆನ್ನಿಗೆ ಬೆನ್ನು ಕೊಟ್ಟು ಮಲಗಿಸಲಾಗಿದೆ. ಕೂಡುಕುಟುಂಬದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರೂ ಇಷ್ಟು ಹತ್ತಿರ ಬೆನ್ನು ತಿರುಗಿಸಿ ಕೂರುವುದಿಲ್ಲ.

ಪ್ರಶ್ನೆ: ಮೈಲಿಗೊಂದು ಮನೆಯಿರುವ, ರಾತ್ರಿ ಜೀರುಂಡೆಯ ಹೊರತು ಬೇರೆ ದನಿಯಿಲ್ಲದ ಊರಿನಲ್ಲಿ ನಿಶ್ಶಬ್ದಕ್ಕಾಗಿ ಇಷ್ಟೊಂದು ಹಣ ಸುರಿಯುವ ಅಗತ್ಯವೇನಿತ್ತು?

ಪೆಟ್ಟಿಗೆ: ಒಡೆಯನು ಸಂಗಡಿಗರಿಗೆ ಹೇಳುವುದು ಒಂದು, ನಿಜ ಮತ್ತೊಂದು. ಈ ಕೋಣೆಗೂ ಅಜ್ಜನ ಕೋಣೆಗೂ ನಡುವೆ ಇರುವುದು ಹಲಗೆಯ ಗೋಡೆ, ಮೇಲೆ ಎರಡಕ್ಕೂ ಸೇರಿದ ಒಂದೇ ಅಟ್ಟ. ರಾತ್ರಿ ಹನ್ನೊಂದಕ್ಕೆ ಮೊಮ್ಮಗನು ಅಮೆರಿಕದ ಕಚೇರಿಯವರೊಡನೆ ಸಭೆಯಲ್ಲಿದ್ದಾನೆಂದು ಆ ಮನೆ ನಂಬಿದೆ, ಮತ್ತು ಆ ನಂಬಿಕೆ ಎರಡು ಗಂಟೆಯವರೆಗೆ ಉಳಿಯಬೇಕಾದರೆ ಫ್ಯಾನು ಕೂಗಬಾರದು. ಲೋಕದಲ್ಲಿ ನಿಶ್ಶಬ್ದ ಕಂಪ್ಯೂಟರಿನ ಬಗ್ಗೆ ನಡೆಯುವ ಗಂಭೀರ ಚರ್ಚೆಗಳ ಹಿಂದೆ ಇಂಥ ಎಷ್ಟು ಹಲಗೆಗೋಡೆಗಳಿವೆಯೋ, ಈ ಪೆಟ್ಟಿಗೆಗೆ ತಿಳಿಯದು.

ಪ್ರಶ್ನೆ: ಕೂಗು ಹುಟ್ಟುವುದಾದರೂ ಎಲ್ಲಿ?

ಪೆಟ್ಟಿಗೆ: ಬಿಸಿಯಲ್ಲಿ. ಒಳಗಿನ ಪ್ರೊಸೆಸರು 65 ವಾಟ್‌ನದೆಂದು ಗುರುತಿಸಲ್ಪಟ್ಟ ರೈಜೆನ್ 5 7600. ಗ್ರಾಫಿಕ್ಸ್ ಕಾರ್ಡು 115 ವಾಟ್‌ನ ಆರ್‌ಟಿಎಕ್ಸ್ 4060. ಇವು ನುಂಗಿದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬೀಳಬೇಕು. ಡ್ರ್ಯಾಗನ್ನು ಎಷ್ಟೇ ಭಯಂಕರವಾಗಿ ಸತ್ತರೂ ಮನೆಗೆ ಉಳಿಯುವುದು ಇನ್ನೂರು ವಾಟಿನ ಕಾವು ಮಾತ್ರ. ಆ ಕಾವನ್ನು ತಳ್ಳಲು ಗಾಳಿ ಬೇಕು, ಗಾಳಿಗೆ ಫ್ಯಾನು ಬೇಕು. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಡೆಸಿಬೆಲ್ ಎಂಬುದು ಸದ್ದಿನ ಮಾಪನ, ಹತ್ತು ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ಆದ್ದರಿಂದ ಈ ವ್ಯಾಪಾರದಲ್ಲಿ ಲಾಭ ದೊಡ್ಡದು. ದೊಡ್ಡ ರೆಕ್ಕೆಯ ಫ್ಯಾನು ನಿಧಾನವಾಗಿ ತಿರುಗಿ ಸಾಗಿಸುವ ಗಾಳಿಯನ್ನೇ ಸಾಗಿಸಲು ಚಿಕ್ಕದು ಓಡಬೇಕಾಗುತ್ತದೆ, ಓಡಿದ್ದು ಕೂಗುತ್ತದೆ. ಪೆಟ್ಟಿಗೆ ಚಿಕ್ಕದಾಗಿಯೂ ಇರಬೇಕು, ಮೌನವಾಗಿಯೂ ಇರಬೇಕೆಂಬ ಆಸೆಯ ತೊಡಕೆಲ್ಲ ಇಷ್ಟೇ.

ಇಲ್ಲಿ ಒಂದು ಟಿಪ್ಪಣಿ ಅಗತ್ಯ. ಈ ತೊಡಕನ್ನು ಬಿಡಿಸಲು ಒಡೆಯನು ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಫ್ಯಾನುಗಳನ್ನು ತರಿಸಿದ್ದನು. ಅವುಗಳ ಕಂದು ಮತ್ತು ತಿಳಿಹಳದಿ ಬಣ್ಣವನ್ನು ಜಗತ್ತಿನ ಗೇಮರುಗಳು ಲೇವಡಿ ಮಾಡುವುದುಂಟಾದರೂ, ಈ ಮನೆಯಲ್ಲಿ ಅದು ಡಿಕಾಕ್ಷನ್ ಮತ್ತು ಹಾಲು ಬೆರೆತ ಬಣ್ಣವೆಂದು ನಿರಾಯಾಸವಾಗಿ ಒಪ್ಪಿಗೆ ಪಡೆಯಿತು. ಪ್ರೊಸೆಸರಿನ ಮೇಲಿರುವ ಕೂಲರಿನ ಎತ್ತರ ಫ್ಯಾನೂ ಸೇರಿ 37 ಮಿಲಿಮೀಟರ್. ಅದಕ್ಕಿಂತ ಎತ್ತರದ್ದನ್ನು ಇಟ್ಟರೆ ಮುಚ್ಚಳ ಕೂರುವುದಿಲ್ಲ.

ಪ್ರಶ್ನೆ: ಮೂಡಿಗೆರೆಯ ಹವೆ ತಂಪು. ಅದರಿಂದ ನೆರವಾಗಲಿಲ್ಲವೇ?

ಪೆಟ್ಟಿಗೆ: ಅರ್ಧ ನೆರವು, ಅರ್ಧ ಕಾಟ. ಹೊರಗಿನ ಗಾಳಿ ಹತ್ತು ಡಿಗ್ರಿ ತಣ್ಣಗಿದ್ದರೆ ಒಳಗಿನ ಭಾಗಗಳೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತವೆ. ಡಿಸೆಂಬರಿನ ರಾತ್ರಿಗಳಲ್ಲಿ ಈ ಪೆಟ್ಟಿಗೆ ಋಷಿಯಂತೆ ಇರುತ್ತದೆ. ಆದರೆ 1,000 ಮೀಟರ್ ಎತ್ತರದಲ್ಲಿ ಗಾಳಿ ಕಡಲ ತೀರಕ್ಕಿಂತ ಸುಮಾರು ಹತ್ತರಲ್ಲಿ ಒಂದು ಪಾಲು ತೆಳು, ಆದ್ದರಿಂದ ಫ್ಯಾನು ಅಷ್ಟೇ ತಿರುಗಿದರೂ ಹೊತ್ತೊಯ್ಯುವ ಕಾವು ಕಡಿಮೆ. ಮಂಗಳೂರಿನ ಗೆಳೆಯನೊಬ್ಬನು ಕಳಿಸಿದ ಫ್ಯಾನಿನ ಸೆಟ್ಟಿಂಗುಗಳನ್ನು ಘಟ್ಟ ಹತ್ತಿಸಿದಾಗ ಹೊಂದದಿದ್ದುದಕ್ಕೆ ಅದೂ ಒಂದು ಕಾರಣ.

ಪ್ರಶ್ನೆ: ಸುತ್ತಲಿನ ತೋಟಗಳಿಗೆ ರಾತ್ರಿ ಆನೆ ಬರುತ್ತವೆ. ನಾಲ್ಕು ಟನ್ನಿನ ಪ್ರಾಣಿ ಸದ್ದಿಲ್ಲದೆ ಓಡಾಡುವಾಗ ನಾಲ್ಕು ಕಿಲೋದ ಪೆಟ್ಟಿಗೆಗೆ ಆಗದೇ?

ಪೆಟ್ಟಿಗೆ: ಆನೆಗೆ ಅಷ್ಟು ದೊಡ್ಡ ಕಿವಿಗಳಿವೆ, ಪೆಟ್ಟಿಗೆಗೆ 37 ಮಿಲಿಮೀಟರಿದೆ. ಆ ಕಿವಿಗಳ ತೆಳು ಚರ್ಮದಡಿ ರಕ್ತನಾಳಗಳು ಹರಡಿಕೊಂಡಿವೆ. ಬಿಸಿ ನೆತ್ತರು ಅಲ್ಲಿ ಹರಿದು, ಕಿವಿ ಬೀಸಿದಾಗ ತಣಿದು, ಮೈಗೆ ಮರಳುತ್ತದೆ. ಹೀಟ್‌ಸಿಂಕ್ ಎಂದು ಕರೆಯುವ ಅಲ್ಯೂಮಿನಿಯಂ ಪದರಗಳ ಗೊಂಚಲು ಮಾಡುವುದೂ ಅದನ್ನೇ. ಹರವು ಹೆಚ್ಚಿದ್ದರೆ ಬೀಸಣಿಗೆ ನಿಧಾನವಾಗಬಹುದು. ಒಡೆಯನು ಆನೆಯ ಶಾಂತಿಯನ್ನು ಬಯಸಿ ಆನೆಯ ಕಿವಿಯನ್ನು ಕತ್ತರಿಸಿದ್ದಾನೆ. ಅಂದಹಾಗೆ, ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ ಅವನು ಪರದೆಯ ಮೇಲಿನ ರಾಕ್ಷಸರನ್ನು ಬೇಟೆಯಾಡುತ್ತಿದ್ದ ಒಂದು ರಾತ್ರಿ ಹಿತ್ತಿಲ ಬಗನೆ ಮರ ಮುರಿದುಬಿತ್ತು. ಸದ್ದು ಕೇಳಿಸಿದ್ದು ಅಜ್ಜನಿಗೆ.

ಪ್ರಶ್ನೆ: ಹಾಗಾದರೆ ಕೊನೆಗೆ ಮೌನ ಸಾಧ್ಯವಾದದ್ದು ಹೇಗೆ?

ಪೆಟ್ಟಿಗೆ: ಆಸೆಯನ್ನು ಇಳಿಸಿಕೊಂಡಿದ್ದರಿಂದ. ಅಂಡರ್‌ವೋಲ್ಟಿಂಗ್ ಎಂಬ ಕ್ರಮವುಂಟು: ಚಿಪ್ಪಿಗೆ ಕಾರ್ಖಾನೆಯವರು ಗೊತ್ತುಮಾಡಿದ್ದಕ್ಕಿಂತ ಕಡಿಮೆ ವೋಲ್ಟೇಜು ಕೊಟ್ಟು ಅದೇ ಕೆಲಸ ತೆಗೆಯುವುದು. ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದ್ದರಿಂದ 1.1 ವೋಲ್ಟನ್ನು 1.0ಕ್ಕೆ ಇಳಿಸಿದರೆ ವೇಗ ಅಷ್ಟೇ ಇದ್ದರೂ ಬಳಕೆ ಸುಮಾರು ಶೇ. 17ರಷ್ಟು ಇಳಿಯುತ್ತದೆ. ಎರಡನೆಯದಾಗಿ, ಒಡೆಯನ ಪರದೆ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲದಾದರೂ ಕಾರ್ಡು ಅದರ ಎರಡು ಮೂರು ಪಟ್ಟು ಬರೆದು ಬರೆದು ಎಸೆಯುತ್ತಿತ್ತು. ಅದಕ್ಕೆ 60ರ ಮಿತಿ ಹಾಕಿದ ದಿನ ಅರ್ಧ ಗದ್ದಲ ಅಡಗಿತು. ಈ ಎರಡಕ್ಕೂ ನಯಾಪೈಸೆ ಖರ್ಚಿಲ್ಲ. ಖರ್ಚಿಲ್ಲದ್ದರಿಂದಲೇ ಅವು ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲ್ಲ ಅಂಗಡಿಗಳನ್ನೂ ಸುತ್ತಿ ಬಂದ ಮೇಲೆ ನೆನಪಾದವು.

ಪ್ರಶ್ನೆ: ಮಳೆಗಾಲದಲ್ಲಿ?

ಪೆಟ್ಟಿಗೆ: ಆಗ ಎಲ್ಲ ಸಾಧನೆಯೂ ನಿರರ್ಥಕ. ಆಷಾಢದ ಮಳೆ ಹೆಂಚಿನ ಮೇಲೂ ಕೊಟ್ಟಿಗೆಯ ತಗಡಿನ ಮೇಲೂ ಸುರಿಯುವಾಗ ಪಕ್ಕದಲ್ಲಿ ಕುಳಿತವರ ಮಾತೇ ಕೇಳಿಸದು. ಆ ಅಬ್ಬರದಲ್ಲಿ ಪಲ್ಪರನ್ನೇ ಓಡಿಸಿದರೂ ಅಜ್ಜನಿಗೆ ತಿಳಿಯಲಾರದು. ಅಂದರೆ ಫ್ಯಾನು ಕೂಗಿದರೂ ಕೇಡಿಲ್ಲದ ಕಾಲವದು. ಆದರೆ ಆಗಲೇ ಎಲ್ಲೋ ಒಂದು ಸಿಲ್ವರ್ ಓಕ್ ತಂತಿಯ ಮೇಲೆ ಬಿದ್ದು, ಕರೆಂಟು ಹೋಗಿ, ಮೂರು ದಿನ ಈ ಪೆಟ್ಟಿಗೆ ಯಾವ ಆಸ್ಟ್ರಿಯನ್ ಫ್ಯಾನಿನ ನೆರವೂ ಇಲ್ಲದೆ ಪರಿಪೂರ್ಣ ನಿಶ್ಶಬ್ದವನ್ನು ಸಾಧಿಸುತ್ತದೆ. ಓಡುತ್ತಿರುವ ಯಂತ್ರ ತನ್ನ ಕಾವಿನಿಂದಲೇ ಒಣಗಿರುತ್ತದೆ. ನಿಂತದ್ದು ತೇವ ಎಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಕರೆಂಟು ಬಂದ ದಿನ ಮೇಲಿನ ಜಾಲರಿಯಿಂದ ಬರುವ ಬಿಸಿಗಾಳಿಗೆ ಮನೆಯವರು ಕಾಲುಚೀಲ ಒಣಹಾಕುತ್ತಾರೆ. ಕಾಲುಚೀಲ ತೆಗೆದರೆ ಬೆಕ್ಕು ಬಂದು ಅದೇ ಜಾಲರಿಯ ಮೇಲೆ ಹೊಟ್ಟೆಯೂರಿ ಸುರುಳಿ ಸುತ್ತಿಕೊಳ್ಳುತ್ತದೆ. ಗಾಳಿಯ ದಾರಿ ಮುಚ್ಚಿ, ಶಾಖ ತೊಂಬತ್ತು ಡಿಗ್ರಿಯತ್ತ ಏರಿ, ಫ್ಯಾನುಗಳೆಲ್ಲ ಒಮ್ಮೆಲೇ ಕೂಗತೊಡಗಿದರೆ ಅದು ಒಂದು ಕಿವಿಯನ್ನಷ್ಟೇ ಅಲುಗಿಸಿ ಮತ್ತೆ ಮಲಗುತ್ತದೆ. ಕೆಳಗಿನ ಜಾಲರಿಯ ಸಂದಿನಲ್ಲಿ ಹಲ್ಲಿ ಎರಡು ಮೊಟ್ಟೆಯಿಟ್ಟಿದೆ. ಒಂಬತ್ತು ಲೀಟರಿನಲ್ಲಿ ಜಾಗ ಸಾಲದೆಂದು ದೂರದ ಏಕೈಕ ನಿವಾಸಿ ಅದು.

ಪ್ರಶ್ನೆ: ಮೂಡಿಗೆರೆಗೆ ಕಂಪ್ಯೂಟರು ಹೊಸದಲ್ಲ. 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಅಲ್ಲಿನ ತೋಟದಲ್ಲಿದ್ದುಕೊಂಡೇ ಕನ್ನಡ ತಂತ್ರಾಂಶದ ಬಗ್ಗೆ ತಲೆ ಕೆಡಿಸಿಕೊಂಡವರು. ಆ ಪರಂಪರೆಯೊಡನೆ ಸಂಬಂಧವೇನಾದರೂ ಉಂಟೇ?

ಪೆಟ್ಟಿಗೆ: ಊರು ಒಂದೇ ಎಂಬುದನ್ನು ಬಿಟ್ಟರೆ ಬೇರೇನಿಲ್ಲ. ಈ ಪೆಟ್ಟಿಗೆ ಸೆಕೆಂಡಿಗೆ ಕೋಟಿಗಟ್ಟಲೆ ಲೆಕ್ಕ ಮಾಡುತ್ತದೆ. ಇದರಲ್ಲಿ ಕನ್ನಡ ಕೀಲಿಮಣೆಯನ್ನು ಇನ್ನೂ ಯಾರೂ ಚಾಲೂ ಮಾಡಿಲ್ಲ.

ಪ್ರಶ್ನೆ: ಮಲೆನಾಡಿನಲ್ಲಿ ಇಂಥದ್ದನ್ನು ಕಟ್ಟಲು ಹೊರಟವರಿಗೆ ಹೇಳುವುದೇನಾದರೂ ಇದೆಯೇ?

ಪೆಟ್ಟಿಗೆ: ಒಂಬತ್ತರ ಬದಲು ಹನ್ನೆರಡು ಲೀಟರಿನ ಪೆಟ್ಟಿಗೆ ಕೊಳ್ಳಿ, ಆ ಮೂರು ಲೀಟರಿನಲ್ಲಿ ಎತ್ತರದ ಕೂಲರನ್ನೂ 120 ಮಿಲಿಮೀಟರಿನ ಒಂದು ಫ್ಯಾನನ್ನೂ ಕೂರಿಸಿ. ವೋಲ್ಟೇಜು ಇಳಿಸಿ, ಚಿತ್ರಗಳಿಗೆ ಮಿತಿ ಹಾಕಿ. ಉಳಿದ ಹಣದಲ್ಲಿ ಯುಪಿಎಸ್ ತನ್ನಿ, ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಪ್ಲಗ್ ಕಿತ್ತಿಡುವುದನ್ನು ಕಲಿಯಿರಿ. ಅಜ್ಜನಿಗೆ ನಿಜ ಹೇಳಿಬಿಟ್ಟರೆ ಇದರಲ್ಲಿ ಅರ್ಧ ಖರ್ಚು ಬೇಕಾಗುವುದಿಲ್ಲ.