ಮೂರನೇ ಮ್ಯಾಚಿನ ಮರುದಿನ ವಜಾ ಆಗಲಿರುವ ಕೋಚ್ ಸಾಹೇಬರಿಗೆ

ಬೆಂಗಳೂರು ಎಫ್‌ಸಿಯ ಮುಂದಿನ ಕೋಚ್ ಸಾಹೇಬರಿಗೆ,

ಶಹಾಬಾದ ತಾಲ್ಲೂಕಿನ ಭಂಕೂರಿನಿಂದ ಶರಣು ಶರಣಾರ್ಥಿ. ನೀವು ಯಾರು, ಯಾವ ದೇಶದವರು ನಮಗೆ ತಿಳಿಯದು. ಇಂಗ್ಲೆಂಡಿನವರನ್ನು ನೋಡಿದ್ದೇವೆ, ಸ್ಪೇನಿನವರನ್ನು ನೋಡಿದ್ದೇವೆ, ಜರ್ಮನಿಯವರೊಬ್ಬರನ್ನೂ ಒಂದು ಸೀಸನ್ ನೋಡಿ ಕಳಿಸಿದ್ದೇವೆ. ನೀವಿನ್ನೂ ಕರಾರಿಗೆ ಸಹಿ ಹಾಕಿಲ್ಲ, ವಿಮಾನ ಹತ್ತಿಲ್ಲ, ಮಸಾಲೆ ದೋಸೆ ತಿಂದು ಕ್ಯಾಮೆರಾ ಮುಂದೆ ಹೆಬ್ಬೆರಳು ಎತ್ತಿಲ್ಲ. ಆದರೂ ನಿಮ್ಮ ವಿಷಯದಲ್ಲಿ ನಮ್ಮ ತೀರ್ಪು ಸಿದ್ಧವಾಗಿದೆ. ಮೂರನೇ ಮ್ಯಾಚಿನ ಮರುದಿನ ಬೆಳಿಗ್ಗೆ, ಮೊದಲ ಚಾ ಮುಗಿಯುವುದರೊಳಗೆ ನಿಮ್ಮನ್ನು ವಜಾ ಮಾಡಲಾಗುವುದು. ಕಾರಣಗಳನ್ನು ಎರಡನೇ ಚಾಕ್ಕೆ ಹುಡುಕಲಾಗುವುದು.

ಭಂಕೂರ ಎಲ್ಲಿದೆ ಎಂದು ನೀವು ಕೇಳುವುದು ಸಹಜ. ಬೆಂಗಳೂರಿನವರೂ ಕೇಳುತ್ತಾರೆ. ಮುಂಬೈ–ಚೆನ್ನೈ ರೈಲು ಹಳಿಯ ಮೇಲೆ ಕಲಬುರಗಿ ದಾಟಿ, ವಾಡಿ ಜಂಕ್ಷನ್ ಇನ್ನೂ ಬರಬೇಕು ಅನ್ನುವಾಗ ಶಹಾಬಾದ ಬರುತ್ತದೆ. ಅದರ ಮಗ್ಗುಲಿಗೇ ನಾವು. ನೀವು ಬೆಂಗಳೂರಿನಲ್ಲಿ ಹಿಡಿಯುವ ಬಾಡಿಗೆ ಮನೆಯ ಅಂಗಳದಲ್ಲಿ ಬೂದುಬಣ್ಣದ ಚಪ್ಪಟೆ ಕಲ್ಲು ಹಾಸಿದ್ದರೆ ಅದು ನಮ್ಮ ಕಡೆಯ ಫರಸಿ ಆಗಿರುವ ಸಾಧ್ಯತೆ ಹೆಚ್ಚು. ನಮ್ಮ ಕಲ್ಲಿನ ಮೇಲೆ ನಿಂತುಕೊಂಡೇ ನಮ್ಮ ಬೈಗುಳ ಓದುವ ಯೋಗ ನಿಮ್ಮದು.

ಇಲ್ಲಿಂದ ಬೆಂಗಳೂರಿನ ಕಂಠೀರವ ಕ್ರೀಡಾಂಗಣ 500 ಕಿ.ಮೀ.ಗೂ ದೂರ. ಹೈದರಾಬಾದ್ ಅದರ ಅರ್ಧ ದೂರವೂ ಇಲ್ಲ. ಹತ್ತಿರದ ತಂಡಕ್ಕೆ ಜೈ ಅನ್ನಬಾರದೇ ಎಂದು ನಮ್ಮಲ್ಲಿ ಕೆಲವರು ವಾದ ಹೂಡಿದ್ದುಂಟು. 2021–22ರಲ್ಲಿ ಹೈದರಾಬಾದ್ ಎಫ್‌ಸಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಕಪ್ ಎತ್ತಿದಾಗ ಅವರ ದನಿ ಜೋರಾಗಿತ್ತು. 2025ರಲ್ಲಿ ಆ ತಂಡ ಗಂಟುಮೂಟೆ ಕಟ್ಟಿಕೊಂಡು ದೆಹಲಿಗೆ ಹೋಗಿ ಹೆಸರನ್ನೂ ಬದಲಿಸಿತು. ಈಗ ಆ ಗೆಳೆಯರು ನಮ್ಮ ಕಟ್ಟೆಯ ಮೇಲೇ ಕೂತು, ನಮಗಿಂತ ಜೋರಾಗಿ ನಮ್ಮ ಕೋಚನ್ನು ಬೈಯುತ್ತಾರೆ. ಹೊಸದಾಗಿ ಬಂದವರ ಭಕ್ತಿ ಯಾವಾಗಲೂ ಒಂದು ತೂಕ ಜಾಸ್ತಿ.

ಸೀಸನ್ನಿನ ಮೊದಲ ಸೋಲಿನ ಮರುದಿನ ನಮ್ಮ ಚಾದಂಗಡಿಯ ಮುಂದೆ ನಡೆಯುವುದನ್ನು ನೀವು ಒಮ್ಮೆ ಕಣ್ಣಾರೆ ನೋಡಬೇಕು. ಅಂಗಡಿ ಮುಂದಿನ ಕಟ್ಟೆಗೆ ಫರಸಿ ಹಾಸಿದೆ, ಅದೇ ಮೈದಾನ. ಕುಡಿದಿಟ್ಟ ಕಪ್ಪುಗಳಲ್ಲಿ ನಾಲ್ಕು ಡಿಫೆನ್ಸಿಗೆ, ಎರಡು ಅವುಗಳ ಮುಂದೆ, ಮೂರು ಇನ್ನೂ ಮುಂದೆ. ಬೋರಲು ಹಾಕಿದ ಬಸಿ ಗೋಲ್‌ಕೀಪರ್ ಗುರಪ್ರೀತ್. ಸ್ಟ್ರೈಕರ್ ಸುನಿಲ್ ಛೆಟ್ರಿಯ ಜಾಗಕ್ಕೆ ಸಕ್ಕರೆ ಡಬ್ಬಿ. ಅದನ್ನು ಯಾರೂ ಅಲುಗಿಸುವಂತಿಲ್ಲ. ಇಷ್ಟೆಲ್ಲ ಹೂಡಿ, ಎಡಗಡೆಯ ಕಪ್ಪು ಎಷ್ಟು ಮೇಲಕ್ಕೆ ಓಡಬೇಕಿತ್ತು ಎಂಬ ವಿಷಯ ಬಿಸಿಯೇರುತ್ತಿರುವಾಗ ಹೋಟೆಲಿನವನು ಬಂದು, "ಸರೀರಿ, ಕಪ್ ತೊಳೀಬೇಕು" ಎಂದು ನಾಲ್ಕೂ ಡಿಫೆಂಡರುಗಳನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುತ್ತಾನೆ. ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಫಿಟರ್ ಕಾಕಾ ತೊಡೆ ತಟ್ಟಿಕೊಳ್ಳುತ್ತಾರೆ: "ನಿನ್ನಿ ಮ್ಯಾಚಿನಾಗೂ ಬರೋಬರ್ ಹಿಂಗೇ ಆಗಿತ್ತಲೋ!"

ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿರುವ ಹುಡುಗನೊಬ್ಬನಿದ್ದಾನೆ. ಅವನ ಮೊಬೈಲಿನಲ್ಲಿ ಪ್ರತಿ ಸೋಲಿಗೂ ಒಂದು ಗೆಲುವು ಇರುತ್ತದೆ. "ಕಾಕಾ, ಎಕ್ಸ್‌ಜಿ ಲೆಕ್ಕದಾಗ ನಾವೇ ಗೆದ್ದೀವಿ" ಅನ್ನುತ್ತಾನೆ, ಅಂದರೆ ಸಿಕ್ಕ ಅವಕಾಶಗಳಿಗೆ ಬರಬೇಕಿದ್ದ ಗೋಲಿನ ಲೆಕ್ಕದಲ್ಲಿ. "ಹಂಗಾದ್ರ ಮೂರು ಪಾಯಿಂಟ್ ಯಾರ ಮನ್ಯಾಗ ಇಟ್ಟಾರ, ಕೇಳಿ ತೊಗೊಂಬಾ ಹೋಗು" ಎಂದು ಕಾಕಾ. ತೊಗರಿ ವ್ಯಾಪಾರದ ಅಡತಿ ಸಾಹುಕಾರರ ನಿಲುವು ಎಂದೂ ಬದಲಾಗಿಲ್ಲ: "ತೊಗರಿ ಇರ್ಲಿ ಕೋಚ್ ಇರ್ಲಿ, ದರ ಬೀಳೂದರೊಳಗ ಮಾರಿ ಕೈ ತೊಳ್ಕೋಬೇಕು ನೋಡ್ರಿ."

ವಿಚಾರಣೆಗೆ ಒಂದು ಕ್ರಮವಿದೆ. ಮೊದಲ ಸೋಲಿಗೆ ಹೊಣೆ ಡಿಫೆನ್ಸು. ಎರಡನೆಯದಕ್ಕೆ ರೆಫ್ರಿ. ಮೂರನೆಯದಕ್ಕೆ ನೀವು. ನಾಲ್ಕನೆಯದು ಬಂದರೆ ಮಾಲೀಕರು, ಐದನೆಯದಕ್ಕೆ ಫೆಡರೇಶನ್, ಆರಕ್ಕೆ ದೇಶದ ಶಿಕ್ಷಣ ಪದ್ಧತಿ. ಅಲ್ಲಿಂದಾಚೆ ನಾವು ಕ್ರಿಕೆಟ್ ನೋಡುತ್ತೇವೆ.

ಇಷ್ಟು ಅವಸರ ಯಾಕೆ ಎಂದು ನೀವು ಬೇಸರಿಸಬಹುದು. ನಮ್ಮನ್ನು ಕೆಡಿಸಿದ್ದು ನಿಮ್ಮ ಕ್ಲಬ್ಬೇ. 2013ರ ಜುಲೈನಲ್ಲಿ ಹುಟ್ಟಿದ ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2015–16ರಲ್ಲಿ ಮತ್ತೊಮ್ಮೆ ಗೆದ್ದಿತು. 2016ರ ನವೆಂಬರಿನಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಆಡಲು ದೋಹಾಕ್ಕೆ ಹೋಯಿತು. ಇರಾಕಿನ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. ಹುಟ್ಟಿದ ಕೂಸು ಮರುದಿನವೇ ಎದ್ದು ಓಡಿದರೆ ಮನೆಯವರಿಗೆ ತೊಟ್ಟಿಲ ನೆನಪು ಇರುತ್ತದೆಯೇ? ಅದಾದ ಮೇಲೆ 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ, 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಬಾರಿಸಿದ ಗೋಲಿಗೆ ಐಎಸ್‌ಎಲ್ ಕಪ್ಪೂ ಬಂತು.

ಮೂರು ಮ್ಯಾಚಿನ ಕಾನೂನು ನಮ್ಮ ಚಾದಂಗಡಿಯಲ್ಲಿ ಹುಟ್ಟಿದ್ದು ಎಂದೂ ತಿಳಿಯಬೇಡಿ. ಆ ಕಪ್ ತಂದುಕೊಟ್ಟ ಕಾರ್ಲೆಸ್ ಕ್ವಾದ್ರಾತ್ ಅವರಿಗೇ 2021ರ ಜನವರಿಯಲ್ಲಿ, ಸತತ ಮೂರು ಸೋಲಿನ ಬೆನ್ನಿಗೆ, ಕ್ಲಬ್ ದಾರಿ ತೋರಿಸಿತು. ದೊಡ್ಡವರು ಮಾಡಿದ್ದನ್ನು ಭಂಕೂರಿನವರು ಪಾಲಿಸುತ್ತಿದ್ದೇವೆ, ಅಷ್ಟೆ.

ಇನ್ನು ನಮ್ಮ ಮಾಸ್ತರರ ವಿಷಯ. ಗಣಿತ ಹೇಳಿಕೊಡುವವರು. ಸೀಸನ್ನಿನ ಆರಂಭ ನೋಡಿ ಅಂತ್ಯ ಹೇಳಬಹುದು ಎಂದು ಅವರು ವರ್ಷಗಟ್ಟಲೆ ಒಂದು ಸಿದ್ಧಾಂತ ಕಟ್ಟುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ತಂಡ ಮುಂಬೈ ಸಿಟಿಯನ್ನು ಮಣಿಸಿ ಡುರಾಂಡ್ ಕಪ್ ಗೆದ್ದು ಬಂತು. ಐಎಸ್‌ಎಲ್ ಶುರುವಾದ ಮೇಲೆ ಸಾಲುಸಾಲು ಸೋಲು. ಈ ವರ್ಷ ಮುಗಿಯಿತು ಎಂದು ಮಾಸ್ತರರು ಷರಾ ಬರೆದರು. ಹೊಸ ವರ್ಷದಲ್ಲಿ ಅದೇ ಕೋಚ್ ಸೈಮನ್ ಗ್ರೇಸನ್ ಕೈಕೆಳಗೆ ಅದೇ ತಂಡ ಲೀಗಿನಲ್ಲಿ ಸತತ 8 ಪಂದ್ಯ ಗೆದ್ದು, ನಾಲ್ಕನೇ ಸ್ಥಾನಕ್ಕೆ ಏರಿ, ಫೈನಲ್ಲಿಗೂ ಹೋಗಿ, ಪೆನಾಲ್ಟಿಯಲ್ಲಿ ಸೋತಿತು. ಕೆಟ್ಟ ಆರಂಭ ಒಳ್ಳೆಯ ಶಕುನ ಎಂದು ಮಾಸ್ತರರು ಸಿದ್ಧಾಂತ ತಿದ್ದಿದರು.

ಮರುವರ್ಷ ಆರಂಭ ಇನ್ನೂ ಕೆಟ್ಟದಾಗಿತ್ತು. 2023ರ ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ನಮ್ಮವರೇ ನಮ್ಮ ಬಲೆಗೆ ಒಂದು ಗೋಲು ಹೊಡೆದುಕೊಂಡು 1–2ರಿಂದ ಸೋತರು, ಆರು ದಿನ ಬಿಟ್ಟು ಕೋಲ್ಕತ್ತದಲ್ಲಿ ಮೋಹನ್ ಬಾಗನ್‌ಗೆ 0–1ರಿಂದ ಸೋತರು. ಮಾಸ್ತರರು ಪೇಢೆ ಹಂಚಿದರು. ಡಿಸೆಂಬರ್ 8ರಂದು ಕಂಠೀರವದಲ್ಲೇ ಮುಂಬೈ ಸಿಟಿ 4–0 ಬಡಿದು ಹೋದ ಮೇಲೆ ಗ್ರೇಸನ್ ಮನೆಗೆ ಹೋದರು, ತಂಡ 12ರಲ್ಲಿ 10ನೇ ಸ್ಥಾನಕ್ಕೆ ಹೋಯಿತು, ಪೇಢೆ ತಿಂದವರು ಮಾಸ್ತರರ ಮನೆಗೆ ಹೋದರು.

2024ರಲ್ಲಿ ಪೂರ್ತಿ ತಿರುವುಮುರುವು. ಜೆರಾರ್ಡ್ ಸರಗೋಸಾ ಅವರ ತಂಡ ಮೊದಲ ಮೂರೂ ಮ್ಯಾಚ್ ಗೆದ್ದಿತು, ಒಂದೂ ಗೋಲು ಬಿಟ್ಟುಕೊಡಲಿಲ್ಲ. ಮೂರನೆಯದರಲ್ಲಿ ಮೋಹನ್ ಬಾಗನ್‌ಗೇ 3–0. ಭಂಕೂರಿನಲ್ಲಿ ಆ ತಿಂಗಳು ಮಾತಿಗೆ ವಿಷಯವೇ ಸಿಗದೆ ಜನ ಕಂಗಾಲಾದರು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್ಲಿನಲ್ಲಿ ಅದೇ ಮೋಹನ್ ಬಾಗನ್‌ಗೆ, ಮೊದಲು ಮುನ್ನಡೆ ಪಡೆದು, ಹೆಚ್ಚುವರಿ ಸಮಯದಲ್ಲಿ 1–2ರಿಂದ ಸೋಲು. ಅಂದರೆ ಆರಂಭ ಕೆಟ್ಟರೂ ಫೈನಲ್ ಸೋಲು, ಆರಂಭ ಒಳ್ಳೆಯದಾದರೂ ಫೈನಲ್ ಸೋಲು, ಆರಂಭ ಕೆಟ್ಟರೆ ಒಮ್ಮೊಮ್ಮೆ ಫೈನಲ್ಲೇ ಇಲ್ಲ. ಮಾಸ್ತರರು ಈಗ ಚೆಸ್ ಆಡುತ್ತಾರೆ. ಸಿದ್ಧಾಂತವನ್ನು ಮಾತ್ರ ನಾವು ಬಿಟ್ಟಿಲ್ಲ. ಒಳ್ಳೆಯ ಜಗಳಕ್ಕೆ ಪುರಾವೆ ಸಿಗಲಿಲ್ಲ ಅಂತ ಜಗಳ ನಿಲ್ಲಿಸುವ ಜನ ನಾವಲ್ಲ.

ನಮ್ಮ ಜಗಳದ ಏಕಾಗ್ರತೆಗೆ ಒಂದು ಸಾಕ್ಷಿ ಕೊಡುತ್ತೇನೆ. 2023ರ ಮಾರ್ಚ್ 3ರ ರಾತ್ರಿ ಪ್ಲೇ-ಆಫ್‌ನಲ್ಲಿ ಛೆಟ್ರಿ ಎದುರಾಳಿಗಳು ಸಾಲು ಕಟ್ಟುವ ಮುಂಚೆಯೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು, ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತು. ಮರುದಿನ ಇಡೀ ಹೊತ್ತು ಕಟ್ಟೆಯ ಮೇಲೆ ಅದೇ: ರೆಫ್ರಿ ಸೀಟಿ ಹೊಡೆದಿದ್ದರೇ, ಇಲ್ಲವೇ? ಫರಸಿಯ ಮೇಲೆ ನಿಂಬೆಹಣ್ಣಿಟ್ಟು ಫ್ರೀ ಕಿಕ್ಕನ್ನು ಪದೇಪದೇ ಹೊಡೆದು ನೋಡಲಾಯಿತು. ಅದೇ ದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968–69ರಲ್ಲಿ ಇನ್ನೂ ಮೈಸೂರು ರಾಜ್ಯವಾಗಿದ್ದಾಗ ಗೆದ್ದ ಮೇಲೆ ಅದೇ ಮೊದಲು. ನಮ್ಮ ಕಟ್ಟೆಗೆ ಸುದ್ದಿ ತಲುಪಿದ್ದು ಮಾರನೇ ದಿನದ ಪತ್ರಿಕೆಯಲ್ಲಿ, ಅದೂ ಭಜಿ ಕಟ್ಟಿಕೊಟ್ಟ ತುಂಡಿನಲ್ಲಿ. ಅಡತಿ ಸಾಹುಕಾರರು ಅದನ್ನು ಓದಿ, ಎಣ್ಣೆ ಒರೆಸಿ, "ಚೊಲೋ ಆಯ್ತು" ಎಂದು ಫ್ರೀ ಕಿಕ್ಕಿಗೆ ಮರಳಿದರು.

ಹೀಗಿದ್ದ ನಮಗೆ 2025ರಲ್ಲಿ ಬಂದದ್ದು ಆರಂಭವೇ ಇಲ್ಲದ ಸೀಸನ್ನು. ಲೀಗ್ ನಡೆಸುತ್ತಿದ್ದ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿಗೂ ಇದ್ದ ಒಪ್ಪಂದ ಡಿಸೆಂಬರಿಗೆ ಮುಗಿಯುವುದಿತ್ತು, ಹೊಸದು ಆಗಿರಲಿಲ್ಲ. ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ನಮ್ಮ ಕ್ಲಬ್ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಲೀಗ್ ನಡೆಸಲು ಆಮೇಲೆ ಕರೆದ ಟೆಂಡರಿಗೆ ಒಬ್ಬರೂ ಬಿಡ್ ಹಾಕಲಿಲ್ಲ. ಸೆಪ್ಟೆಂಬರ್ ಹೋಯಿತು, ದಸರಾ ಹೋಯಿತು, ತೊಗರಿ ಹೂ ಬಿಟ್ಟು ಕಾಯಿಯಾಗಿ ರಾಶಿಗೂ ಬಂತು. ನಮ್ಮ ತಂಡ ಲೀಗಿನಲ್ಲಿ ಅಜೇಯವಾಗಿಯೇ ಉಳಿಯಿತು. ಒಂದೂ ಸೋಲಿಲ್ಲ, ಸೆಲ್ಫ್ ಗೋಲಿಲ್ಲ, ಕೆಂಪು ಕಾರ್ಡಿಲ್ಲ. ಎಕ್ಸ್‌ಜಿ ಹುಡುಗನ ಪ್ರಕಾರ ಅದು ಕ್ಲಬ್ಬಿನ ಇತಿಹಾಸದಲ್ಲೇ ಅತ್ಯಂತ ಭದ್ರವಾದ ಡಿಫೆನ್ಸು. ಕಟ್ಟೆ ಮಾತ್ರ ಬಿಕೋ ಅನ್ನುತ್ತಿತ್ತು. ಬೈಯಲು ಒಬ್ಬ ಕೋಚ್ ಮೈದಾನದ ಅಂಚಿನಲ್ಲಿ ನಿಂತಿರಬೇಕು ಸಾಹೇಬರೇ. ಟೆಂಡರ್ ಕಾಗದವನ್ನು ಬೈದರೆ ಗಂಟಲು ತಣಿಯುವುದಿಲ್ಲ. ಫಿಟರ್ ಕಾಕಾ ಒಂದು ದಿನ ಗ್ರೇಸನ್‌ರನ್ನು ನೆನೆದು, "ಪಾಪ, ಮನುಷ್ಯ ಚೊಲೋ ಇದ್ದ" ಅಂದರು. ಬೈಯಲು ಯಾರೂ ಸಿಗದಿದ್ದರೆ ನಾವು ಎಂಥ ಅಧೋಗತಿಗೆ ಇಳಿಯುತ್ತೇವೆ ಎಂಬುದಕ್ಕೆ ಇದಕ್ಕಿಂತ ಹೆಚ್ಚು ಹೇಳಲಾರೆ.

ಕೊನೆಗೆ 2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವರು, ಫೆಬ್ರುವರಿ 14ಕ್ಕೆ ಲೀಗ್ ಶುರು ಎಂದು ಘೋಷಿಸಿದರು. 14 ತಂಡ, ತಲಾ 13 ಪಂದ್ಯ. ಹಿಂದಿನ ಸೀಸನ್ನಿನಲ್ಲಿ ತಲಾ 24 ಇದ್ದವು. ಹದಿಮೂರರಲ್ಲಿ ಮೂರು ಮ್ಯಾಚೆಂದರೆ ಸೀಸನ್ನಿನ ಕಾಲುಭಾಗಕ್ಕೆ ಸಮೀಪ. ಹಾಗಾಗಿ ಮೂರನೇ ಮ್ಯಾಚಿಗೆ ತೀರ್ಪು ಕೊಡುವ ನಮ್ಮ ಪದ್ಧತಿ ಈಗ ಅವಸರದ್ದೇನಲ್ಲ, ತಕ್ಕಮಟ್ಟಿಗೆ ತಾಳ್ಮೆಯದ್ದೇ ಎಂದು ಅಡತಿ ಸಾಹುಕಾರರು ಲೆಕ್ಕ ಹಾಕಿ ತೋರಿಸಿದ್ದಾರೆ.

2018ರ ಜೂನ್ 2ರಂದು ಸುನಿಲ್ ಛೆಟ್ರಿ ಒಂದು ವಿಡಿಯೊದಲ್ಲಿ ಕೈಮುಗಿದು ಕೇಳಿಕೊಂಡದ್ದನ್ನು ನೀವೂ ಕೇಳಿರಬಹುದು: ನಮ್ಮನ್ನು ಬೈಯಿರಿ, ಟೀಕಿಸಿ, ಆದರೆ ಕ್ರೀಡಾಂಗಣಕ್ಕೆ ಬನ್ನಿ. ಎರಡು ದಿನ ಬಿಟ್ಟು ಮುಂಬೈಯಲ್ಲಿ ಕೀನ್ಯಾ ವಿರುದ್ಧ ಅವರ ನೂರನೇ ಅಂತರರಾಷ್ಟ್ರೀಯ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು. ಭಂಕೂರಿನವರು ಆ ಮನವಿಯ ಮೊದಲ ಭಾಗವನ್ನು ಇಂದಿನವರೆಗೂ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದೇವೆ. ಎರಡನೇ ಭಾಗ ಬಾಕಿ ಇದೆ. ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ ನಿಂತು ಕೂಗುವ ನೀಲಿ ಅಂಗಿಯವರನ್ನು ಟಿವಿಯಲ್ಲಿ ಕಂಡಾಗ ನಮಗೆ ಹೊಟ್ಟೆಯುರಿ. ಅವರು ಬೈದದ್ದು ಕೋಚ್ ಕಿವಿಗೆ ಬೀಳುತ್ತದೆ. ನಾವು ಬೈದದ್ದು ಹೋಟೆಲಿನವನ ಕಿವಿಗೆ ಮಾತ್ರ.

ಹೀಗಾಗಿ ಈ ಪತ್ರದ ಜೊತೆ ಒಂದು ಬೇಡಿಕೆ. 2024ರ ನವೆಂಬರಿನಿಂದ ರೈಲು ಟಿಕೆಟನ್ನು 60 ದಿನ ಮೊದಲು ಕಾಯ್ದಿರಿಸಬಹುದು. ಸಚಿವರು ದಿನಾಂಕ ಹೇಳಿದ್ದಕ್ಕೂ ಮೊದಲ ಪಂದ್ಯಕ್ಕೂ ನಡುವೆ ಇದ್ದದ್ದು 39 ದಿನ. ಅಷ್ಟರೊಳಗೆ ಬೆಂಗಳೂರಿನ ರೈಲುಗಳಲ್ಲಿ ನಮ್ಮ ಪಾಲಿಗೆ ಉಳಿಯುವುದು ವೇಟಿಂಗ್ ಲಿಸ್ಟ್. ವೇಳಾಪಟ್ಟಿ ಮಾಡುವುದು ನಿಮ್ಮ ಕೆಲಸವಲ್ಲ, ಗೊತ್ತಿದೆ. ಆದರೆ ಕ್ಲಬ್ಬು ಫೆಡರೇಶನ್ನಿನ ಕಡೆ ಕೈ ತೋರಿಸುತ್ತದೆ, ಫೆಡರೇಶನ್ ಟೆಂಡರಿನ ಕಡೆ. ಉತ್ತರ ಕೊಡಲೇಬೇಕಾದ ನೌಕರಿ ಈ ದೇಶದ ಫುಟ್‌ಬಾಲಿನಲ್ಲಿ ಒಂದೇ, ಅದು ನಿಮ್ಮದು. ನಿಮ್ಮ ಮೊದಲ ಪತ್ರಿಕಾಗೋಷ್ಠಿಯಲ್ಲಿ ದಯವಿಟ್ಟು ಒಂದು ಮಾತು ಆಡಿ: ಸೀಸನ್ನಿನ ವೇಳಾಪಟ್ಟಿ 60 ದಿನ ಮೊದಲು ಬರಲಿ. ಮೊದಲ ಮೂರು ಮ್ಯಾಚನ್ನು ಆಮೇಲೆ ಬೇಕಾದರೆ ಸೋಲಿ. ವಜಾ ಆದೇಶವನ್ನು ನಾವೇ ಖುದ್ದಾಗಿ ಬಂದು, ವೆಸ್ಟ್ ಬ್ಲಾಕಿನಿಂದ ಓದಿ ಹೇಳುತ್ತೇವೆ.

ಇಂತಿ,
ಭಂಕೂರಿನ ಚಾದಂಗಡಿ ಕಟ್ಟೆಯ ಪರವಾಗಿ
ಒಬ್ಬ ನೀಲಿ ಅಂಗಿಯವನು