ಎತ್ತು ಏರಿಗೆ, ಕೋಣ ನೀರಿಗೆ

ಸಿನಿಮಾದ ಪೊಲೀಸ್ ಸಾಹೇಬರಿಗೆ ಕಳ್ಳರನ್ನು ಹಿಡಿಯುವ ಶಕ್ತಿ ಇರುತ್ತದೋ ಇಲ್ಲವೋ, ಮುಖ ಕಂಡರಾಗದ ಇಬ್ಬರನ್ನು ಹೆಕ್ಕಿ ಒಂದೇ ಕಾರಿಗೆ ಹತ್ತಿಸುವ ಶಕ್ತಿಯಂತೂ ಇದ್ದೇ ಇರುತ್ತದೆ. ಒಬ್ಬನಿಗೆ ಕಾನೂನೆಲ್ಲ ಬಾಯಿಪಾಠ, ಇನ್ನೊಬ್ಬನಿಗೆ ತಲೆ ಬಾಚುವುದಕ್ಕೂ ಬೇಸರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಇಂಥ ಜೋಡಿ ಕಟ್ಟಿದವನ ಹೊಲ ಬೀಳೇ ಗತಿ ಎನ್ನುತ್ತಿದ್ದರು ನಮ್ಮಜ್ಜ. ಹಾಲಿವುಡ್ಡಿನವರೋ, ಅದೇ ಜೋಡಿ ಹೂಡಿಕೊಂಡು ದಶಕಗಳಿಂದ ಫಸಲು ತೆಗೆಯುತ್ತಿದ್ದಾರೆ.

ನನಗೆ ಇಂಥ ಚಿತ್ರಗಳ ಹುಚ್ಚು ಹಿಡಿಸಿದ್ದು 1987ರ ‘ಲೀಥಲ್ ವೆಪನ್’. ಲಾಸ್ ಏಂಜಲೀಸಿನ ಪತ್ತೇದಾರ ಮರ್ಟಾನಿಗೆ ಆಗಷ್ಟೇ ಐವತ್ತು ತುಂಬಿದೆ. ಹೆಂಡತಿ, ಮಕ್ಕಳು, ಬೆಕ್ಕು, ತುಂಬಿದ ಸಂಸಾರ. ಅವನ ಪಾಲಿಗೆ ಬರುವ ರಿಗ್ಸ್ ಹೆಂಡತಿಯನ್ನು ಕಳೆದುಕೊಂಡು, ಸಮುದ್ರದಂಡೆಯ ಟ್ರೇಲರಿನಲ್ಲಿ ನಾಯಿಯೊಂದಿಗೆ ಬದುಕುವವನು. ಬದುಕುವುದಕ್ಕಿಂತ ಸಾಯುವುದರಲ್ಲೇ ಹೆಚ್ಚು ಆಸಕ್ತಿ. ಠಾಣೆಯಲ್ಲಿ ಇವನ ಕೈಯ ಪಿಸ್ತೂಲು ಕಂಡು, ಯಾರೋ ಪುಂಡನಿರಬೇಕೆಂದು ಮರ್ಟಾ ಮೇಲೆರಗಿ, ತಾನೇ ನೆಲಕ್ಕೆ ಬೀಳುತ್ತಾನೆ. ಪರಿಚಯವಾದದ್ದೇ ಹಾಗೆ!

ನನ್ನವಳಿಗೆ ಗುಂಡಿನ ಸದ್ದು ಕೇಳಿದರೆ ನಿದ್ದೆ. “ಇಬ್ಬರೂ ಕಾರು ಹತ್ತಿ ಜಗಳ ಶುರು ಮಾಡಿದ್ರೆ ಎಬ್ಬಿಸಿ” ಎಂದು ಸೋಫಾಕ್ಕೆ ಒರಗಿಬಿಡುತ್ತಾಳೆ. ಅವಳ ವಿಮರ್ಶೆ ತಪ್ಪೇನಲ್ಲ. ಕಾರಿನ ಮಹಿಮೆಯೇ ಬೇರೆ. ಸಿಟ್ಟು ಬಂತೆಂದು ಎದ್ದು ಅಡುಗೆಮನೆಗೆ ಹೋಗುವಂತಿಲ್ಲ, ಕಣ್ಣು ರಸ್ತೆಯ ಮೇಲಿರುವುದರಿಂದ ಎದುರಿನವರ ಮುಖ ನೋಡಬೇಕಾದ ಮುಜುಗರವೂ ಇಲ್ಲ. ಒಮ್ಮೆ ನೆಂಟರ ಗೃಹಪ್ರವೇಶಕ್ಕೆ ಹೊರಟು, ಫೋನಿನೊಳಗಿನ ಹೆಂಗಸು ಒಂದು ದಾರಿ, ಪಕ್ಕದಲ್ಲಿದ್ದ ಹೆಂಗಸು ಇನ್ನೊಂದು ದಾರಿ ಹೇಳಿ, ತಲುಪುವ ಹೊತ್ತಿಗೆ ಹೋಳಿಗೆ ಖಾಲಿ. ನಾನು ಗೌರಿಹಬ್ಬಕ್ಕೆ ಆರಿಸಿ ತರುವ ಸೀರೆಗಳ ಬಗ್ಗೆ ಅವಳ ನಿಜವಾದ ಅಭಿಪ್ರಾಯ ನನಗೆ ತಿಳಿದದ್ದು ಅವತ್ತೇ, ಅದೇ ಕಾರಿನಲ್ಲೇ.

ಆದರೆ ನಾನು ಕಾಯುವುದು ಜಗಳಕ್ಕಲ್ಲ, ಒಬ್ಬ ಇನ್ನೊಬ್ಬನ ಮನೆಯ ಹೊಸಿಲು ದಾಟುವ ಗಳಿಗೆಗೆ. ಅಂಥ ಗಳಿಗೆ, ಈ ಬಗೆಯ ಚಿತ್ರಗಳಿಗೆ ಮೂಲಪುರುಷ ಎನ್ನಬಹುದಾದ, 1949ರಲ್ಲಿ ಜಪಾನಿನ ನಿರ್ದೇಶಕ ಕುರೊಸಾವಾ ಮಾಡಿದ ‘ಸ್ಟ್ರೇ ಡಾಗ್’ನಲ್ಲೇ ಇದೆ. ಟೋಕಿಯೊದ ಸುಡುಬೇಸಿಗೆಯಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ, ಎಳೆಯ ಪತ್ತೇದಾರನ ಪಿಸ್ತೂಲು ಕಳುವಾಗುತ್ತದೆ. ಅವನಿಗೆ ಊಟ ಸೇರದು, ನಿದ್ದೆ ಬಾರದು. ಜತೆಗಿರುವ ಹಿರಿಯ ಸಾಟೊ ಅವನನ್ನು ಮನೆಗೆ ಕರೆದೊಯ್ದು, ಬಿಯರ್ ಕುಡಿಸಿ, ಮಲಗಿರುವ ತನ್ನ ಮಕ್ಕಳನ್ನು ತೋರಿಸುತ್ತಾನೆ. ಉಪದೇಶಕ್ಕಿಂತ ಅದು ಹೆಚ್ಚು ನಾಟುತ್ತದೆ. 1967ರ ‘ಇನ್ ದಿ ಹೀಟ್ ಆಫ್ ದಿ ನೈಟ್’ನಲ್ಲಿ ಫಿಲಡೆಲ್ಫಿಯಾದ ಕರಿಯ ಪತ್ತೇದಾರ ಟಿಬ್ಸ್‌ನನ್ನು ಮಿಸಿಸಿಪ್ಪಿಯ ಪೊಲೀಸರು ಬಣ್ಣ ನೋಡಿಯೇ ರೈಲು ನಿಲ್ದಾಣದಿಂದ ಎಳೆದೊಯ್ಯುತ್ತಾರೆ. ಕಡೆಗೆ ಅಲ್ಲಿನ ಬಿಳಿಯ ಠಾಣಾಧಿಕಾರಿಯೇ ಅವನೆದುರು, ತನ್ನ ಮನೆಯಲ್ಲಿ ಕೂತು, ಒಂಟಿತನ ತೋಡಿಕೊಳ್ಳುತ್ತಾನೆ. ಟಿಬ್ಸ್ ಕೊಂಚ ಮರುಗಿದರೆ ಸಾಕು, ಅಧಿಕಾರಿ ಮತ್ತೆ ಸಿಡುಕುತ್ತಾನೆ. ಹಳೆಯ ಅಹಂಕಾರ ಒಂದೇ ಸಂಜೆಗೆ ಇಳಿಯುತ್ತದೆಯೇ?

ರಿಗ್ಸ್ ಕೂಡ ಕೊನೆಗೆ ಕ್ರಿಸ್ಮಸ್ ಊಟಕ್ಕೆ ಮರ್ಟಾನ ಮನೆ ಸೇರುತ್ತಾನೆ. ತನಗೆಂದೇ ಎತ್ತಿಟ್ಟುಕೊಂಡಿದ್ದ ಗುಂಡನ್ನು, ಇನ್ನು ಬೇಕಾಗದೆಂದು, ಉಡುಗೊರೆಯಾಗಿ ಕೊಡುತ್ತಾನೆ. ಬೆನ್ನಿಗೇ ಒಳನುಗ್ಗಿದ ನಾಯಿಗೂ ಮನೆಯ ಬೆಕ್ಕಿಗೂ ಯುದ್ಧ. ಸಾಹೇಬರು ಅವೆರಡನ್ನೂ ಒಂದು ಕಾರಿಗೆ ಹತ್ತಿಸಬೇಕಿತ್ತು.

ನನಗೆ ಪಾಪ ಅನ್ನಿಸುವುದು ಖಳನಾಯಕನನ್ನು ಕಂಡರೆ. ಅವನು ಮಾದಕವಸ್ತು ಸಾಗಿಸದಿದ್ದರೆ, ನಡುರಾತ್ರಿ ಗುಂಡು ಹಾರಿಸದಿದ್ದರೆ ಈ ಇಬ್ಬರೂ ಬೇರೆ ಬೇರೆ ಮೇಜುಗಳಲ್ಲಿ ಕೂತು ನಿವೃತ್ತರಾಗುತ್ತಿದ್ದರು. ಇಷ್ಟೆಲ್ಲ ಶ್ರಮಪಟ್ಟು ಅವರನ್ನು ಒಂದುಮಾಡಿದ ಪುಣ್ಯಾತ್ಮನನ್ನು ಊಟಕ್ಕೆ ಮಾತ್ರ ಯಾರೂ ಕರೆಯುವುದಿಲ್ಲ.