ಎರಡು ಹೊಸಮನೆ, ಒಂದು ಹಳೇ ಗಾಡಿ

ನಮ್ಮ ಮನೆ ಇರುವುದು ಶಿವಮೊಗ್ಗದ ಹೊಸಮನೆಯಲ್ಲಿ. ಮನೆ ಹಳೆಯದು. ಅದರ ಮುಂದೆ ಮಳೆಯಲ್ಲಿ ನೆನೆಯುತ್ತ ನಿಂತಿರುವ ಗಾಡಿ ಮನೆಗಿಂತ ಹಳೆಯದು. ಹೊಸದು ಅಂತ ಇದ್ದದ್ದು ಗಾಡಿ ರಿಪೇರಿಯ ಬಗ್ಗೆ ನನಗಿದ್ದ ಜ್ಞಾನ ಒಂದೇ. ಅದೂ ರಾತ್ರಿ ಹನ್ನೊಂದರ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡಿ ಸಂಪಾದಿಸಿದ್ದು.

ಗಾಡಿ ಅಂದರೆ ಟಾಟಾ ಮೊಬೈಲ್ 206 ಪಿಕಪ್, 1992ರ ಮಾಡೆಲ್ಲು. ಮಾವನವರು ಸಾಗರದ ಕಡೆಯ ತೋಟದಲ್ಲಿ ಇಟ್ಟುಕೊಂಡು ಅಡಿಕೆ ಮೂಟೆ, ಸಗಣಿ ಗೊಬ್ಬರ, ಸೊಪ್ಪು, ಒಂದು ಸಲ ನಮ್ಮ ಮದುವೆಯ ಪಾತ್ರೆ ಪಡಗ ಎಲ್ಲ ಹೊರಿಸಿದ್ದರು. ಹೋದ ವರ್ಷ ಗುಜರಿಯವನು ಬಂದು ತೂಕಕ್ಕೆ ಕೇಳಿದ. ನಾನು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದವನು, "ಬೇಡ ಮಾವ, ನಾನು ರೆಡಿ ಮಾಡಿಸ್ತೀನಿ" ಅಂದುಬಿಟ್ಟೆ. ಆ ಒಂದು ವಾಕ್ಯದ ಬೆಲೆ ಒಂದು ಲಕ್ಷದ ಹದಿನೆಂಟು ಸಾವಿರ ರೂಪಾಯಿ. ಕಾಫಿ ಕುಡಿಯುವಾಗ ಮಾತಾಡಬಾರದು ಅಂತ ಅಮ್ಮ ಚಿಕ್ಕಂದಿನಲ್ಲೇ ಹೇಳಿದ್ದಳು.

ಮನೆಯವಳಿಗೆ ನಾನು ಹೇಳಿದ ಬಜೆಟ್ಟು ನಲವತ್ತು ಸಾವಿರ. ಅವಳು ಬೇಡ ಅನ್ನಲಿಲ್ಲ. ತವರಿನ ಗಾಡಿ, ಬೇಡ ಅಂದರೆ ತವರನ್ನು ಅಂದ ಹಾಗೆ. ಬೇಕು ಅಂದರೆ ಖರ್ಚಿನಲ್ಲಿ ಪಾಲುದಾರಳಾದ ಹಾಗೆ. ಸುಮ್ಮನೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, 'ಗಾ' ಅಂತ ಬರೆದು ಒಂದು ಗೆರೆ ಎಳೆದಳು. ಮುಂದೆ ಆ 'ಗಾ'ದ ಕೆಳಗೆ ಅಂಕಿಗಳು ಬೆಳೆದು ಬೆಳೆದು ತಿಂಗಳ ಕೊನೆಯ ಅಮಾವಾಸ್ಯೆಯನ್ನೇ ಮುಚ್ಚಿಹಾಕಿದವು.

ಅವಳನ್ನು ಒಲಿಸಲು ಗಾಡಿಯ ಕುಲಗೋತ್ರ ಹೇಳಿ ನೋಡಿದೆ. ಇದು ಟಾಟಾದವರು 1988ರಲ್ಲಿ ತಂದ ಪಿಕಪ್ಪು ಕಣೇ, 1991ರಲ್ಲಿ ಬಂದ ಸಿಯೆರಾ ಅನ್ನೋ ಚೆಂದದ ಕಾರಿತ್ತಲ್ಲ, ಅದನ್ನು ಇದರ ಅಡಿಪಾಯದ ಮೇಲೇ ಕಟ್ಟಿದ್ದು, ಇದು ಸಿಯೆರಾದ ಅಣ್ಣ ಅಂದೆ. "ಅಣ್ಣ ಅಂದ್ರೆ ಇನ್ನೂ ವಯಸ್ಸಾದೋನು ಅಂತಾಯ್ತು" ಅಂದಳು.

ಹಳೇ ಟಾಟಾ ಗಾಡಿಗಳ ಜಾತಕ ಅವುಗಳ ಹೆಸರಿನಲ್ಲೇ ಇರುತ್ತದೆ. 1612 ಅಂದರೆ ಸುಮಾರು ಹದಿನಾರು ಟನ್ನು, ನೂರಿಪ್ಪತ್ತರ ಆಸುಪಾಸು ಕುದುರೆ. ಆ ಲೆಕ್ಕದಲ್ಲಿ ನಮ್ಮ 206 ಎರಡು ಟನ್ನು, ಅರವತ್ತರ ಮೇಲೆ ಕುದುರೆ. ನಮ್ಮದರಲ್ಲಿ ಮುಕ್ಕಾಲು ಪಾಲು ಕುದುರೆಗಳು ವಿಆರ್‌ಎಸ್ ತಗೊಂಡಿದ್ದವು. ಉಕ್ಕಿನ ಕಾರ್ಖಾನೆಯ ಊರಾದ ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಿಪೇರಿಯನ್ನು ನಾನು ಎಲ್ಲಿಂದ ಶುರು ಮಾಡಿದೆ ಅನ್ನುವುದನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ಹಾರ್ನಿನಿಂದ. ಇಂಜಿನ್ ಸ್ಟಾರ್ಟ್ ಆಗುತ್ತಿರಲಿಲ್ಲ, ಬ್ರೇಕು ಒತ್ತಿದರೆ ಕಾಲು ನೆಲಕ್ಕೆ ಹೋಗುತ್ತಿತ್ತು, ಎಡಗಡೆ ಬಾಗಿಲನ್ನು ತೆಂಗಿನ ಹಗ್ಗದಲ್ಲಿ ಕಟ್ಟಿತ್ತು. ಆದರೂ ನಾನು ಮೊದಲು ಹಾಕಿಸಿದ್ದು ಹನ್ನೆರಡು ರಾಗ ನುಡಿಸುವ ಮ್ಯೂಸಿಕಲ್ ಹಾರ್ನು. ಆಮೇಲೆ ನಾಲ್ಕು ಹಳದಿ ಫಾಗ್ ಲೈಟು. ಆಮೇಲೆ ಹುಲಿಪಟ್ಟೆಯ ಸೀಟ್ ಕವರು. ಮೂರು ವಾರ ನಮ್ಮ ಗಾಡಿ ಒಂದಿಂಚೂ ಮುಂದೆ ಹೋಗದೆ ನಿಂತಲ್ಲೇ ಸಂಗೀತ ಕಛೇರಿ ನಡೆಸಿತು. ಓಣಿಯ ಮಕ್ಕಳು ಸಂಜೆ ಬಂದು ಏಳನೇ ರಾಗ ಕೇಳಿ ಹೋಗುತ್ತಿದ್ದವು. ಹಾರ್ನಿನಲ್ಲಿ ಮಗು ಅಳುವ ದನಿಯೂ ಇತ್ತು. ಪಕ್ಕದ ಮನೆಯ ಅಜ್ಜಿ ಎರಡು ಸಲ, "ಯಾರಿಗೆ ಮಗುವಾಯ್ತು?" ಅಂತ ವಿಚಾರಿಸಿದರು.

ಸ್ಟಾರ್ಟ್ ಆಗದ್ದಕ್ಕೆ ಕಾರಣವನ್ನು ನಾನೇ ಪತ್ತೆ ಮಾಡಿದ್ದೆ. ಭದ್ರಾವತಿಯಲ್ಲಿ ಹಳೇ ಟಾಟಾ ಗಾಡಿಗಳಿಗೆ ಕೈಗುಣ ಇರುವ ಮೇಸ್ತ್ರಿ ಒಬ್ಬರಿದ್ದಾರೆ ಅಂತ ಕೇಳಿ, ಗಾಡಿಯನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಹೋದೆ. ಅವರ ಷೆಡ್ಡು ಇರುವ ಜಾಗದ ಹೆಸರೂ ಹೊಸಮನೆಯೇ. ಶಿವಮೊಗ್ಗಕ್ಕೊಂದು ಹೊಸಮನೆ, ಭದ್ರಾವತಿಗೊಂದು ಹೊಸಮನೆ, ನಡುವೆ ಬಿ.ಎಚ್. ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರು. ಇದು ಶುಭ ಶಕುನ ಅಂದುಕೊಂಡೆ.

"ಸ್ಪಾರ್ಕ್ ಪ್ಲಗ್ ಹೋಗಿದೆ, ನಾಲ್ಕೂ ಬದಲಾಯಿಸಿಬಿಡಿ" ಅಂದೆ, ಗೊತ್ತಿದ್ದವನ ಠೀವಿಯಲ್ಲಿ. ಮೇಸ್ತ್ರಿ ಬಾಯಲ್ಲಿದ್ದ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಷೆಡ್ಡಿನ ಹುಡುಗ ಬೇರೆ ಕಡೆ ತಿರುಗಿ ಭುಜ ಕುಣಿಸತೊಡಗಿದ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ. ಒಳಗೆ ಬಂದ ಗಾಳಿಯನ್ನು ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮಿದಾಗ ಅದು ಕಾದು ಕೆಂಡವಾಗುತ್ತದೆ, ಆ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ತಣ್ಣಗಿರುವಾಗ ಆ ಕಾವು ಸಾಲದು ಅಂತ ಹೀಟರ್ ಪ್ಲಗ್ ಇರುತ್ತದೆ. ಕೀಲಿ ಅರ್ಧ ತಿರುಗಿಸಿ ಕಾಯಬೇಕು. ಮಾವನವರಿಗೆ ಫೋನ್ ಮಾಡಿದರೆ, "ಅಯ್ಯೋ, ನಾನು ಒಂದು ಗಣಪತಿ ಶ್ಲೋಕ ಹೇಳಿ ಮುಗಿಸಿ ಕೀಲಿ ತಿರುಗಿಸ್ತಿದ್ದೆ, ನಿಮಗೆ ಹೇಳಿರಲಿಲ್ವಾ?" ಅಂದರು. ನಾನು ಅದನ್ನು ದೈವಭಕ್ತಿ ಅಂದುಕೊಂಡಿದ್ದೆ.

ಮೇಸ್ತ್ರಿ ಚಿಕ್ಕವರಿದ್ದಾಗ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡಿದವರು. 1923ರಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಲಲ್ಲಿ ಕರಗಿಸಿದ ಊರು ಅದು. ಅಲ್ಲಿನ ಜನ ಕಬ್ಬಿಣವನ್ನು ನೋಡುವ ರೀತಿಯೇ ಬೇರೆ, ನಾವು ಹಲಸಿನಹಣ್ಣನ್ನು ತಟ್ಟಿ ನೋಡುವ ಹಾಗೆ. ಅವರು ಒಂದು ಸ್ಪ್ಯಾನರ್ ಹಿಡಿದು ಗಾಡಿಯ ಸುತ್ತ ಬಂದರು. ಚಾಸಿ ಮೇಲೆ ಬಡಿದರೆ ಠಣ್ ಅಂತು. ತಲೆ ಆಡಿಸಿದರು. ಹಿಂದಿನ ತೊಟ್ಟಿಯ ತಳಕ್ಕೆ ಬಡಿದರೆ ಪುಸ್ ಅಂತು, ಸ್ಪ್ಯಾನರ್ ತುದಿ ಒಳಗೇ ಹೋಯಿತು. ಕೆಂಪು ಪುಡಿ ಅವರ ಚಪ್ಪಲಿಯ ಮೇಲೆ ಉದುರಿತು. ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಸಾರ್, ಇದು ವಾಪಸ್ ಕೆಮ್ಮಣ್ಣುಗುಂಡಿಗೆ ಹೊರಟಿದೆ" ಅಂದರು.

ಟೈರಿನ ವಿಷಯದಲ್ಲಿ ಮಾತ್ರ ನನಗೆ ಧೈರ್ಯ ಇತ್ತು. ನಾಲ್ಕೂ ಟೈರಿನಲ್ಲಿ ಬಟನ್, ಅಂದರೆ ಮೇಲಿನ ಕಚ್ಚು, ಚೆನ್ನಾಗಿದೆ ಅಂದೆ. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು, ಟೈರಿನ ಪಕ್ಕೆಯ ಕೆಸರನ್ನು ಹೆಬ್ಬೆರಳಿಂದ ಒರೆಸಿದರು. ಮೊಟ್ಟೆಯಾಕಾರದ ಸಣ್ಣ ಗೆರೆಯೊಳಗೆ ನಾಲ್ಕು ಅಂಕಿ ಕಾಣಿಸಿತು: 3107. ಅಂದರೆ 2007ನೇ ಇಸವಿಯ ಮೂವತ್ತೊಂದನೇ ವಾರ ತಯಾರಾದದ್ದು. ಅದರ ಮೇಲೆ ಉಗುರು ಎಳೆದರೆ ರಬ್ಬರು ಹಳೇ ಗೋಡೆಯ ಸುಣ್ಣದ ಹಾಗೆ ಬಿರುಕು ಬಿಟ್ಟಿತ್ತು. "ಬಟನ್ ಇದೆ ಸಾರ್, ಶರ್ಟೇ ಇಲ್ಲ" ಅಂದರು. ನಾಲ್ಕು ಟೈರಿನ ದುಡ್ಡು ಆ ರಾತ್ರಿ 'ಗಾ'ದ ಕೆಳಗೆ ಹೋಗಿ ಕೂತಿತು.

ಹೀಗೆ ಎರಡು ತಿಂಗಳು. ತಳಕ್ಕೆ ಹೊಸ ತಗಡು, ಬ್ರೇಕಿಗೆ ಹೊಸ ಸಿಲಿಂಡರು, ಕಮಾನು ಪಟ್ಟಿಗೆ ಹೊಸ ಬುಷ್ಷು, ಬಾಡಿಯ ತಗ್ಗುಗಳಿಗೆ ಲಾಂಬಿ, ಮೇಲೆ ಬಣ್ಣ. ಉಳಿದದ್ದು ಕ್ಲಚ್ ಪ್ಲೇಟು. ಅಂಗಡಿಯಲ್ಲಿ ಹೇಳಿದ ರೇಟಿಗಿಂತ ಆನ್‌ಲೈನಲ್ಲಿ ಆರುನೂರು ರೂಪಾಯಿ ಕಮ್ಮಿ ಇತ್ತು. ನಾನು ತರಿಸಿಕೊಡ್ತೀನಿ ಅಂದೆ. ಮೇಸ್ತ್ರಿ ಷೆಡ್ಡಿನ ವಿಳಾಸ ಕೊಟ್ಟೆ: ಹೊಸಮನೆ, ಇಂಥಾ ಕ್ರಾಸು. ಪಿನ್‌ಕೋಡ್ ಹಾಕುವಾಗ ಬೆರಳು ಅಭ್ಯಾಸಬಲದಿಂದ ನಡೆಯಿತು. ಭದ್ರಾವತಿಯದು 577301. ನಾನು ಹಾಕಿದ್ದು 577201. ಒಂದೇ ಒಂದು ಅಂಕಿ, ಅದರಲ್ಲಿ ಇಪ್ಪತ್ತು ಕಿಲೋಮೀಟರು.

ನಾನು ಭದ್ರಾವತಿಯ ಹೊಸಮನೆಯಲ್ಲಿ ನಾಲ್ಕು ದಿನ ಸ್ಟೂಲಿನ ಮೇಲೆ ಕೂತು ಪಾರ್ಸಲ್ಲಿಗೆ ಕಾದೆ. ಐದನೇ ದಿನ ಮನೆಯಿಂದ ಫೋನು. "ಯಾವುದೋ ಉಕ್ಕಿನ ತಟ್ಟೆ ಬಂದಿದೆ, ಭಾರ ಇದೆ, ಏನು ಮಾಡ್ಲಿ?" ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದೆ, ಪಾರ್ಸಲನ್ನು ಎದೆಗವಚಿಕೊಂಡು ಊಟಕ್ಕೂ ನಿಲ್ಲದೆ ಮತ್ತೆ ಭದ್ರಾವತಿ ಬಸ್ಸು ಹತ್ತಿದೆ.

ತುಂಗಾ ಸೇತುವೆ, ವಿದ್ಯಾನಗರ, ಹರಿಗೆ, ಮಲವಗೊಪ್ಪ, ನಿದಿಗೆ ದಾಟಿತು. ಮಾಚೇನಹಳ್ಳಿಯ ಹತ್ತಿರ ಎದುರಿನಿಂದ ಒಂದು ಹಾರ್ನು ಕೇಳಿಸಿತು. ಏಳನೇ ರಾಗ. ಹಿಂದೆಯೇ ಮಗು ಅತ್ತಿತು. ಕಿಟಕಿಯಿಂದ ತಲೆ ಹಾಕಿ ನೋಡಿದರೆ ನನ್ನ ಗಾಡಿ, ಹೊಸ ಬಣ್ಣದಲ್ಲಿ ಮಿಂಚುತ್ತ, ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿಕೊಂಡು ಶಿವಮೊಗ್ಗದ ಕಡೆ ಹೋಗುತ್ತಿದೆ. ಅದು ಅಷ್ಟು ವೇಗವಾಗಿ ಹೋಗುವುದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಸ್ಟಿಯರಿಂಗ್ ಹಿಂದೆ ಮೇಸ್ತ್ರಿ. ನಾನು "ಏಯ್! ಏಯ್!" ಅಂತ ಕೂಗಿದೆ. ಅವರು ಯಾರೋ ಪರಿಚಯದವರು ಅಂತ ಕೈ ಬೀಸಿದರು. ಕಂಡಕ್ಟರ್ ಬಂದು, "ಏನ್ರಿ, ಗಾಡಿ ಕಳವಾಗಿದ್ಯಾ?" ಅಂದ. ಇಲ್ಲ, ರಿಪೇರಿಯಾಗಿದೆ ಅಂದೆ. ಅವನಿಗೆ ಅದರಲ್ಲಿ ಕೂಗುವಂಥದ್ದೇನು ಅಂತ ತಿಳಿಯಲಿಲ್ಲ.

ನಡೆದದ್ದು ಇಷ್ಟೆ. ನಾನು ಸ್ಟೂಲಿನ ಮೇಲೆ ಕೂತು ನಿಟ್ಟುಸಿರು ಬಿಡುವುದನ್ನು ನಾಲ್ಕು ದಿನ ಸಹಿಸಿದ ಮೇಸ್ತ್ರಿ, ನಾನು ಎದ್ದು ಹೋದ ಕೂಡಲೇ ಅಲ್ಲೇ ಒಂದು ಪ್ಲೇಟು ತರಿಸಿ, ಹುಡುಗನನ್ನು ಜೊತೆಗೆ ಹಾಕಿಕೊಂಡು ಮೂರೇ ಗಂಟೆಯಲ್ಲಿ ಕೂರಿಸಿ, ಟ್ರಯಲ್ಲಿಗೆ ಅಂತ ನಮ್ಮ ಮನೆಗೇ ತಂದಿದ್ದರು. ನಾನು ಮಾಚೇನಹಳ್ಳಿಯಲ್ಲಿ ಇಳಿದು, ಅರ್ಧ ಗಂಟೆ ನಿಂತು, ವಾಪಸ್ ಬಸ್ಸು ಹಿಡಿದು ಮನೆ ಸೇರುವ ಹೊತ್ತಿಗೆ ಗಾಡಿ ಗೇಟಿನಲ್ಲಿತ್ತು. ಮೇಸ್ತ್ರಿ ಇರಲಿಲ್ಲ. ಉಪ್ಪಿಟ್ಟು ತಿಂದು, ಎರಡು ಲೋಟ ಚಹಾ ಕುಡಿದು, ದುಡ್ಡು ಎಣಿಸಿಕೊಂಡು ಬಸ್ಸಿಗೆ ಹೊರಟಿದ್ದರಂತೆ. ಅಂದರೆ ದಾರಿಯಲ್ಲಿ ಇನ್ನೊಂದು ಸಲ ಎದುರುಬದುರಾಗಿ ಹಾದು ಹೋಗಿದ್ದೆವು. "ಎಷ್ಟು ಒಳ್ಳೆಯವರು, ನೀವು ಇಲ್ಲದಿದ್ರೆ ಕೆಲಸ ಬೇಗ ಆಗುತ್ತೆ ಅಂದ್ರು" ಅಂತ ಮನೆಯವಳು ಹೇಳಿದಳು. ಹೊಗಳಿಕೆಯೋ ದೂರೋ ಕೇಳಲಿಲ್ಲ.

ಕೊನೆಗೆ ಎಫ್‌ಸಿ, ಅಂದರೆ ಗಾಡಿ ಓಡಾಡಲು ಲಾಯಕ್ಕು ಅನ್ನುವ ಸರ್ಟಿಫಿಕೇಟು. ಸಾಗಾಣಿಕೆ ಗಾಡಿಗೆ ಎಂಟು ವರ್ಷ ಕಳೆದ ಮೇಲೆ ವರ್ಷ ವರ್ಷ ತೋರಿಸಬೇಕು. ಹಿಂದಿನ ದಿನ ಮೇಸ್ತ್ರಿ ಫೋನಿನಲ್ಲೇ ಪಟ್ಟಿ ಕೊಟ್ಟರು. ರಾಗ ಬದಲಾಗುವ ಹಾರ್ನು ಕಾನೂನಿನಲ್ಲಿ ಇಲ್ಲ, ಬಿಚ್ಚಿ. ಆ ನಾಲ್ಕು ಲೈಟು ಕಂಪನಿ ಕೊಟ್ಟದ್ದಲ್ಲ, ಬಿಚ್ಚಿ. ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪು ಅಂಟಿಸಿ. ಹುಲಿಪಟ್ಟೆಯ ಸೀಟ್ ಕವರಿಗೆ ಕಾನೂನಿನ ಅಡ್ಡಿ ಏನೂ ಇರಲಿಲ್ಲ. ಅದನ್ನು ಮನೆಯವಳೇ ಬಿಚ್ಚಿದಳು.

ರಾತ್ರಿ ಟಾರ್ಚು ಹಿಡಿದು ಎಲ್ಲ ಬಿಚ್ಚಿ ಜಗಲಿಯ ಮೇಲೆ ಸಾಲಾಗಿ ಇಟ್ಟೆ. ಮಗಳು ಬಂದು ನೋಡಿ, "ಅಪ್ಪಾ, ನೀನು ಹಾಕಿಸಿದ್ದು ಅಷ್ಟೂ ಇಲ್ಲೇ ಇದೆಯಲ್ಲ" ಅಂದಳು. ಮಾರನೇ ದಿನ ಒಂದು ಗಣಪತಿ ಶ್ಲೋಕ ಹೇಳಿ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎಫ್‌ಸಿಯೂ ಆಯಿತು, ಒಂದು ವರ್ಷಕ್ಕೆ.

ಈಗ ನಮ್ಮಲ್ಲಿ ಮಾರಾಟಕ್ಕಿರುವುದು: ಹನ್ನೆರಡು ರಾಗದ ಮ್ಯೂಸಿಕಲ್ ಹಾರ್ನು ಒಂದು, ಹಳದಿ ಫಾಗ್ ಲೈಟು ನಾಲ್ಕು, ಹುಲಿಪಟ್ಟೆ ಸೀಟ್ ಕವರು ಒಂದು ಜೊತೆ, ಪೆಟ್ಟಿಗೆಯಿಂದ ಆಚೆ ತೆಗೆಯದ 206ರ ಕ್ಲಚ್ ಪ್ಲೇಟು ಒಂದು. ನೋಡುವವರು ಸಂಜೆ ಐದರ ಮೇಲೆ ಬರಬಹುದು. ಹೊಸಮನೆ, ಶಿವಮೊಗ್ಗ. ಭದ್ರಾವತಿಯದ್ದಲ್ಲ.